ಹೂವಿನ ಹಾರ ಹಾಕಿದ ಮಂಗ

ಪಶುವೈದ್ಯರು ಅಂದರೆ ದನ, ನಾಯಿ, ಕೋಳಿ ನೋಡುವವರು ಎಂದೇ ನಮ್ಮ ಉಡುಪಿ ಕಡೆ ಲೆಕ್ಕ. ನಾನು ಓದಿದ್ದೂ ಅದನ್ನೇ. ಆದರೆ ಮನಸ್ಸು ಹೋದದ್ದು ಕಾಡುಪ್ರಾಣಿಗಳ ಮೈಮೇಲೆ ಮತ್ತು ಹೊಟ್ಟೆಯೊಳಗೆ ಬದುಕುವ ಜೀವಿಗಳ ಕಡೆಗೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಪ್ರವಾಸಿಗರು ಎಸೆಯುವ ಬಿಸ್ಕತ್ತು, ಬಾಳೆಹಣ್ಣಿಗೆ ಕಾದು ಕೂರುವ ಮಂಗಗಳಿವೆಯಲ್ಲ, ಅವುಗಳ ಮಲ ತಂದು ಸೂಕ್ಷ್ಮದರ್ಶಕದಲ್ಲಿ ಹುಳದ ಮೊಟ್ಟೆ ಹುಡುಕುತ್ತೇನೆ. ಚಾಟಿಹುಳದ ಮೊಟ್ಟೆಯ ಎರಡೂ ತುದಿಗೆ ಬಿರಡೆ ಹಾಕಿದಂತೆ ಇರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಅದು ಚಂದವೇ.

ಉಣುಗಿನ ಕೆಲಸ ಶುರುವಾದದ್ದು ಆಮೇಲೆ. 2019ರ ಜನವರಿಯಲ್ಲಿ ಘಟ್ಟದ ಮೇಲೆ, ಸಾಗರ ತಾಲೂಕಿನ ಅರಳಗೋಡಿನಲ್ಲಿ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಗೆ ಜನ ಸಾಯುತ್ತಿದ್ದರು. ಅಲ್ಲಿನ ರೋಗಿಗಳನ್ನು ಮಣಿಪಾಲಕ್ಕೆ ಕರೆತರುತ್ತಿದ್ದರು. ಘಟ್ಟದ ಕೆಳಗೆ ನಮ್ಮ ಕುಂದಾಪುರ ತಾಲೂಕಿನ ಕಾಡಂಚಿನಲ್ಲೂ ಮಂಗಗಳು ಸತ್ತು ಬೀಳತೊಡಗಿದವು. ಎಲ್ಲಿ ಮಂಗ ಸತ್ತರೂ ಪಶುವೈದ್ಯರು, ಆರೋಗ್ಯ ಇಲಾಖೆಯವರು, ಅರಣ್ಯದವರು ಹೋಗಲೇಬೇಕು. ಅಂಥ ಒಂದು ತಂಡದ ಜೊತೆ ನಾನೂ ಸಿದ್ದಾಪುರದಿಂದ ಒಳಗಿನ ಒಂದು ಹಳ್ಳಿಗೆ ಹೋದೆ.

ನಾವು ಮುಟ್ಟುವಾಗ ಬೆಳಿಗ್ಗೆ ಹತ್ತು ದಾಟಿತ್ತು. ಅಡಿಕೆ ತೋಟದ ಬದಿಯಲ್ಲಿ ಜನ ಸೇರಿದ್ದರು. ಬಾಳೆಎಲೆಯ ಮೇಲೆ ಮಂಗವನ್ನು ಮಲಗಿಸಿದ್ದರು. ಮೈ ತೊಳೆದು, ಹಣೆಗೆ ಕುಂಕುಮ ಇಟ್ಟು, ಕುತ್ತಿಗೆಗೆ ಅಬ್ಬಲಿಗೆ ಹೂವಿನ ಹಾರ ಹಾಕಿದ್ದರು. ಪಕ್ಕದಲ್ಲಿ ಗುಂಡಿ ತೋಡಿ ಆಗಿತ್ತು. ಒಬ್ಬ ಚಿಕ್ಕ ಹುಡುಗ ಮಂಗದ ಕೈ ಹಿಡಿದು ಕೂತಿದ್ದ. ನನಗೆ ಎದೆ ಧಸಕ್ಕೆಂದಿತು.

ಯಾಕೆಂದರೆ ಹತ್ತಿರ ಹೋದಾಗ ಮಂಗದ ಕಿವಿಯ ಅಂಚಿನಲ್ಲಿ, ರೆಪ್ಪೆಯ ಬುಡದಲ್ಲಿ ಉಣುಗು ಕಂಡವು. ಉಣುಗಿಗೆ ಬೇಕಾದ್ದು ಬಿಸಿ ರಕ್ತ. ಮಂಗ ಸತ್ತು ಮೈ ತಣ್ಣಗಾದರೆ ಒಂದೊಂದಾಗಿ ಕಚ್ಚು ಬಿಟ್ಟು ಇಳಿಯುತ್ತವೆ. ಇಳಿದವು ಅಲ್ಲೇ ತರಗೆಲೆಯಲ್ಲಿ ಉಳಿಯುತ್ತವೆ. ಹಾಗಾಗಿ ಮಂಗ ಬಿದ್ದ ಜಾಗವೇ ಎಲ್ಲಕ್ಕಿಂತ ಅಪಾಯದ ಜಾಗ. ಜನ ಪ್ರೀತಿಯಿಂದ ಸೇರಿದ್ದು ಸರಿಯಾಗಿ ಅಲ್ಲೇ.

ಮೊದಲು ಹುಡುಗನನ್ನು ಎಬ್ಬಿಸಿದೆವು. ಆಮೇಲೆ ಎಲ್ಲರೂ ಅಂಗಳಕ್ಕೆ ಹೋಗಿ ನಿಲ್ಲಬೇಕು ಅಂದೆವು. ಒಬ್ಬ ವಯಸ್ಸಾದ ಅಮ್ಮನಿಗೆ ಸಿಟ್ಟು ಬಂತು. "ಹೋಯ್ ಡಾಕ್ಟ್ರೇ, ಅದ್ ಹನುಮಂತ ದೇವ್ರ್. ಅದನ್ ಕೊಯ್ದ್ರೆ ನಮ್ಗೆ ಒಳ್ಳೇದಾತ್ತಾ?" ಅಂದರು. ನನ್ನ ಜೊತೆ ಬಂದಿದ್ದ ಒಬ್ಬರು ಕಾನೂನು ಹೇಳಲು ಹೊರಟರು. ನಾನು ತಡೆದೆ. ಆ ಅಮ್ಮ ಹೇಳಿದ್ದರಲ್ಲಿ ತಪ್ಪು ಏನಿತ್ತು? ಮನೆಯ ಮಾಡಿನ ಮೇಲೆ ಆಡುತ್ತಿದ್ದ ಪ್ರಾಣಿ ಅದು. ತೆಂಗಿನಕಾಯಿ ಹಾಳು ಮಾಡಿದರೂ ಅವರು ಅದಕ್ಕೆ ಕಲ್ಲು ಹೊಡೆದವರಲ್ಲ.

ನಮ್ಮ ನೆರವಿಗೆ ಬಂದದ್ದು ಅಲ್ಲಿದ್ದ ಒಬ್ಬ ಹಿರಿಯರು. ಅವರ ಅಕ್ಕನನ್ನು ಬೆಳ್ತಂಗಡಿ ಕಡೆ ಮದುವೆ ಮಾಡಿ ಕೊಟ್ಟಿದ್ದರಂತೆ. 1982-83ರಲ್ಲಿ ಆ ತಾಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಮಂಗನ ಕಾಯಿಲೆ ದೊಡ್ಡದಾಗಿ ಹಬ್ಬಿತ್ತು. ಆಗ ಉಡುಪಿ ಬೇರೆ ಜಿಲ್ಲೆ ಆಗಿರಲಿಲ್ಲ, ಎಲ್ಲ ದಕ್ಷಿಣ ಕನ್ನಡವೇ. "ಮೊದ್ಲ್ ಮಂಗ ಸತ್ತಿತ್, ಮತ್ತೆ ಜನ" ಎಂದಷ್ಟೇ ಅವರು ಹೇಳಿದರು. ಅಂಗಳ ಒಮ್ಮೆಲೇ ಮೌನವಾಯಿತು. ನಾನು ಗಂಟೆಗಟ್ಟಲೆ ವಿವರಿಸಿದ್ದರೂ ಆ ಒಂದು ಮಾತಿನಷ್ಟು ತಾಗುತ್ತಿರಲಿಲ್ಲ.

ಅವರ ಮಾತು ವಿಜ್ಞಾನಕ್ಕೂ ಸರಿಯೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆಯ ವೈರಸ್ಸಿನ ಸುಳಿವು ಸಿಕ್ಕಿದ್ದು ಮಂಗಗಳ ಸಾವಿನಿಂದಲೇ. ಹಳದಿ ಜ್ವರ ನಮ್ಮ ದೇಶಕ್ಕೂ ಬಂತೇನೋ ಎಂಬ ಭಯದಲ್ಲಿ ವಿಜ್ಞಾನಿಗಳು ಪುಣೆಯಿಂದ ಬಂದಿದ್ದರು. ನೋಡಿದರೆ ಅದು ಹೊಸದೇ ವೈರಸ್, ಹರಡುವುದು ಸೊಳ್ಳೆಯಿಂದಲ್ಲ, ಉಣುಗಿನಿಂದ. ಕಾಡಿನ ಇಲಿ, ಮೂಗಿಲಿಗಳ ಮೈಮೇಲೂ ಈ ಉಣುಗು ಇರುತ್ತವೆ, ಆದರೆ ಆ ಇಲಿಗಳು ಸತ್ತರೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮಂಗ ಮತ್ತು ಮುಸುವ ಸತ್ತರೆ ಕಾಣುತ್ತದೆ. ಹಾಗಾಗಿ ಊರಿಗೆ ಮೊದಲ ಸುದ್ದಿ ಕೊಡುವುದು ಅವೇ.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಪರೀಕ್ಷೆಗೆ ಬೇಕಾದ್ದನ್ನು ನಾವು ತೆಗೆದುಕೊಳ್ಳುವುದು. ಹೂಳುವ ಬದಲು ಅಲ್ಲೇ ಸುಡುವುದು. ಮಂತ್ರ, ಭಜನೆ ಏನಿದ್ದರೂ ಅಂಗಳದಿಂದಲೇ. ಅಮ್ಮ ಒಳಗೆ ಹೋಗಿ ಗಂಧದ ಒಂದು ತುಂಡು ತಂದರು. ಗ್ಲೌಸ್ ಹಾಕಿದ ಕೈಯಲ್ಲಿ ನಾನೇ ಅದನ್ನು ಕಟ್ಟಿಗೆಯ ಮೇಲೆ ಇಡುತ್ತೇನೆ ಎಂದೆ. ಒಪ್ಪಿದರು.

ಮೈಪೂರ್ತಿ ಮುಚ್ಚುವ ಬಟ್ಟೆ, ಎರಡು ಜೊತೆ ಗ್ಲೌಸ್, ಮಾಸ್ಕ್, ಗಂಬೂಟು. ಆ ವೇಷದಲ್ಲಿ ಕರಾವಳಿಯ ಸೆಖೆ ಹೇಗಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ ಅಲ್ವಾ? ಮಿದುಳು, ಹೃದಯ, ಶ್ವಾಸಕೋಶ, ಪಿತ್ತಜನಕಾಂಗ, ಮೂತ್ರಪಿಂಡ, ಒಂದೊಂದರಿಂದಲೂ ಸಣ್ಣ ಚೂರು ತೆಗೆದು ಸೀಸೆಗೆ ಹಾಕಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟೆವು. ಉಣುಗುಗಳನ್ನು ಚಿಮಟದಿಂದ ಬಿಡಿಸಿ ಬೇರೆ ಸೀಸೆಗೆ. ದೇಹ ಕೊಳೆತರೆ ಇದ್ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೇ ಸುದ್ದಿ ಬೇಗ ಬರಬೇಕು ಎಂದು ನಾವು ಮತ್ತೆ ಮತ್ತೆ ಹೇಳುವುದು. ಆಮೇಲೆ ಸುಟ್ಟು, ಸುತ್ತ ಮಲಾಥಿಯಾನ್ ಪುಡಿ ಹಾಕಿದೆವು. ಅಂಗಳದಲ್ಲಿ ಭಜನೆ ನಡೆದೇ ಇತ್ತು.

ಮಂಗವನ್ನು ಮುಟ್ಟಿದವರ ಹೆಸರನ್ನೆಲ್ಲ ಆಶಾ ಕಾರ್ಯಕರ್ತೆ ಬರೆದುಕೊಂಡರು. ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ಎಂದು ಹೇಳಿದೆವು. ಕಾಯಿಲೆ ಬರುವುದಾದರೆ ಸಾಮಾನ್ಯವಾಗಿ 3ರಿಂದ 8 ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತದೆ. ಹಾಗಾದರೆ ಸುಮ್ನೆ ಮಾತ್ರೆ ನುಂಗಿ ಮಲಗಬಾರದು, ಆಸ್ಪತ್ರೆಗೆ ಹೋಗಿ ಸತ್ತ ಮಂಗ ಮುಟ್ಟಿದ್ದನ್ನು ಹೇಳಬೇಕು. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ. ಈ ಮಾತು ಕೇಳಿ ಹುಡುಗನ ತಾಯಿ ಸ್ವಲ್ಪ ಸಮಾಧಾನಗೊಂಡರು.

ಮಧ್ಯಾಹ್ನ ಅಮ್ಮನೇ ಗಂಜಿ, ಉಪ್ಪಿನಕಾಯಿ ಕೊಟ್ಟರು. ಉಂಡು, ತೋಟದ ಹಿಂದಿನ ಕಾಡಿಗೆ ಹೋದೆವು. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಬಿಳಿ ಬಟ್ಟೆಯನ್ನು ಕೋಲಿಗೆ ಕಟ್ಟಿ ನೆಲದ ಮೇಲೆ ಮೆಲ್ಲಗೆ ಎಳೆಯುವುದು ನಮ್ಮ ಕ್ರಮ. ಉಣುಗು ಹಾರುವುದಿಲ್ಲ, ಜಿಗಿಯುವುದಿಲ್ಲ. ಹುಲ್ಲಿನ ತುದಿಗೆ ಹತ್ತಿ ಮುಂಗಾಲು ಚಾಚಿ ಕಾಯುತ್ತದೆ. ನಮ್ಮ ಉಸಿರು, ಬೆವರಿನ ವಾಸನೆ, ಮೈಬಿಸಿ ಎಲ್ಲವನ್ನೂ ಗುರುತಿಸುವ ಅಂಗ ಅದರ ಮುಂಗಾಲಿನಲ್ಲೇ ಇದೆ. ಬಟ್ಟೆ ತಾಗಿದ ಕೂಡಲೇ ಹಿಡಿದುಕೊಳ್ಳುತ್ತದೆ. ಅವತ್ತು ಸಿಕ್ಕಿದ್ದರಲ್ಲಿ ಜಾಸ್ತಿ ಮರಿ ಉಣುಗುಗಳೇ, ಎಳ್ಳಿಗಿಂತ ಸಣ್ಣವು. ಮಳೆಯಿಲ್ಲದ ತಿಂಗಳುಗಳಲ್ಲಿ ಜನರಿಗೆ ಹೆಚ್ಚಾಗಿ ಕಚ್ಚುವುದು ಈ ಮರಿಗಳೇ. ಕಚ್ಚಿದ್ದು ಗೊತ್ತೂ ಆಗುವುದಿಲ್ಲ. ಹಟ್ಟಿಗೆ ತರಗೆಲೆ ಗುಡಿಸಿ ತರುವ ಕಾಲವೂ ಅದೇ.

ನಾವು ಬಟ್ಟೆ ಎಳೆಯುತ್ತಿದ್ದಾಗ ಹತ್ತಿರದಲ್ಲೇ ದನಗಳು ಮೇಯುತ್ತಿದ್ದವು. ಅವಕ್ಕೆ ಈ ಕಾಯಿಲೆ ಬರುವುದಿಲ್ಲ. ಆದರೆ ದೊಡ್ಡ ಉಣುಗುಗಳಿಗೆ ಹೊಟ್ಟೆ ತುಂಬ ರಕ್ತ ಸಿಗುವುದು ಅವುಗಳಿಂದ. ಹಾಗೆ ತುಂಬಿದ ಉಣುಗು ನೆಲಕ್ಕೆ ಬಿದ್ದು ರಾಶಿ ಮೊಟ್ಟೆ ಇಡುತ್ತದೆ. ಕಾಡು, ತೋಟ, ಹಟ್ಟಿ ಒಂದಕ್ಕೊಂದು ಅಂಟಿಕೊಂಡಿರುವ ನಮ್ಮ ಊರುಗಳಲ್ಲಿ ದನ ಮೇಯಲು ಬಿಡಬೇಡಿ ಎಂದು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ನನಗೆ ಅದನ್ನು ಹೇಳುವಾಗ ಇವತ್ತಿಗೂ ಸಂಕಟವಾಗುತ್ತದೆ. ಅವತ್ತು ದನಗಳಿಗೆ ಹಚ್ಚುವ ಉಣುಗಿನ ಔಷಧಿಯ ಬಗ್ಗೆ ಹೇಳಿ ಬಂದೆ.

ಪರೀಕ್ಷೆಯಲ್ಲಿ ಆ ಮಂಗಕ್ಕೆ ವೈರಸ್ ಇದ್ದದ್ದು ಖಚಿತವಾಯಿತು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ ಕೊಟ್ಟರು. ಜ್ವರದ ಮೇಲೆ ಕಣ್ಣಿಟ್ಟರು. ಹುಡುಗನಿಗೆ ಏನೂ ಆಗಲಿಲ್ಲ. ಹೆಸರು ಬರೆಸಿದ ಯಾರಿಗೂ ಜ್ವರ ಬರಲಿಲ್ಲ. ನನ್ನ ಆ ವರ್ಷದ ನೆಮ್ಮದಿ ಅದೇ.

ಆಗ ಕೊಡುತ್ತಿದ್ದ ಹಳೆಯ ಲಸಿಕೆ 2022ರಲ್ಲಿ ನಿಂತುಹೋಯಿತು. ಹೊಸದರ ಕೆಲಸ ನಡೆಯುತ್ತಿದೆ. ಅಲ್ಲಿಯವರೆಗೆ ಸತ್ತ ಮಂಗದ ಸುದ್ದಿ ಅದೇ ದಿನ ಬರುವುದಕ್ಕಿಂತ ದೊಡ್ಡ ಸಹಾಯ ನಮಗೆ ಇನ್ನೊಂದಿಲ್ಲ. ಮೊನ್ನೆ ಅದೇ ಊರಿನಿಂದ ಫೋನ್ ಬಂತು. ರಸ್ತೆ ಬದಿ ಮಂಗ ಸತ್ತಿದೆ, ಯಾರೂ ಮುಟ್ಟಿಲ್ಲ, ದನಗಳನ್ನೂ ಆಚೆ ಕಟ್ಟಿದ್ದೇವೆ, ಬನ್ನಿ ಅಂದರು. ಹೋಗಿ ನೋಡಿದರೆ ಅಂಗೈ ಸುಟ್ಟಿತ್ತು, ಕರೆಂಟ್ ತಂತಿ ತಾಗಿ ಸತ್ತ ಮಂಗ. ಆದರೂ ಮಾದರಿ ತೆಗೆದು ಕಳಿಸಿದ್ದೇವೆ. ಫೋನ್ ಮಾಡಿದವರಿಗೆ, ಮುಂದೆಯೂ ಹೀಗೇ ತಿಳಿಸಿ ಎಂದು ಹೇಳಿ ಬಂದೆ.