ಅಮ್ಮನ ದೋಸೆ ಹಿಟ್ಟು, ಮಿರಮಾರ್‌ನ ಕರೆಂಟು

2011ರ ಸೆಪ್ಟೆಂಬರ್ 8, ಗುರುವಾರ. ಮಧ್ಯಾಹ್ನ ಮೂರೂವರೆ ದಾಟಿ ಸ್ವಲ್ಪ ಹೊತ್ತಾಗಿತ್ತು. ಆಫೀಸಿನ ದೀಪಗಳೆಲ್ಲ ಒಟ್ಟಿಗೆ ಆರಿದವು, ಮೇಜಿನ ಕೆಳಗಿದ್ದ ಯುಪಿಎಸ್‌ಗಳು ಕುಂಯ್‌ಗುಟ್ಟೋಕೆ ಶುರು ಮಾಡಿದವು. ಊರಿನಲ್ಲಿ ಒಂದೇ ಒಂದು ಟ್ರಾಫಿಕ್ ಸಿಗ್ನಲ್ ಕೂಡ ಕೆಲಸ ಮಾಡುತ್ತಿರಲಿಲ್ಲ. ಎಂಟು ಮೈಲಿ ದೂರದ ಮನೆಗೆ ಬರಲು ಎರಡು ಗಂಟೆ ಹಿಡಿಯಿತು.

ಅಮ್ಮ ಆಗ ಹಾಸನದಿಂದ ಬಂದು ನಮ್ಮ ಜೊತೆ ಇದ್ದರು. ಸೆಕೆ ತಡೆಯಲಾರದೆ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದವರು ನನ್ನನ್ನು ನೋಡಿ ನಕ್ಕರು. "ಏನೋ ಇದು, ನಿಮ್ಮ ಅಮೆರಿಕದಲ್ಲೂ ಲೋಡ್ ಶೆಡ್ಡಿಂಗಾ?" ಕತ್ತಲೆ ಅವರಿಗೆ ಹೊಸದಲ್ಲ. ಅವರಿಗೆ ಕೋಪ ಬಂದಿದ್ದು ಒಲೆ ಮೇಲೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದ ಮಿರಾ ಮೆಸಾದಲ್ಲಿ ನಾವಿದ್ದ ಬಾಡಿಗೆ ಮನೆಯಲ್ಲಿ ಇದ್ದದ್ದು ಕರೆಂಟ್ ಒಲೆ. ಬೆಳಿಗ್ಗೆಯೇ ರುಬ್ಬಿಟ್ಟ ದೋಸೆ ಹಿಟ್ಟು ಆ ಬಿಸಿಲಿಗೆ ಸಂಜೆ ಹೊತ್ತಿಗೇ ಉಬ್ಬಿ ನಿಂತಿತ್ತು. ಹುಯ್ಯೋಕೆ ಒಲೆ ಇಲ್ಲ, ಇಡೋಕೆ ಫ್ರಿಜ್ ಇಲ್ಲ.

ಆಮೇಲೆ ಅವರು ಎದುರು ಮನೆಯ ಛಾವಣಿ ತೋರಿಸಿ ಒಂದು ಮಾತು ಕೇಳಿದರು. "ಅವರ ಮನೆ ಮೇಲೆ ಇಷ್ಟೊಂದು ಸೋಲಾರ್ ಹಾಕಿದ್ದಾರಲ್ಲ, ಬಿಸಿಲೂ ಇದೆ. ಅವರ್ಯಾಕೆ ನಮ್ಮ ಥರ ಹೊರಗೆ ಕೂತಿದ್ದಾರೆ?"

ರಿಲೇ, ಅಂದರೆ ಲೈನಿನಲ್ಲಿ ಎಡವಟ್ಟಾದರೆ ಕರೆಂಟ್ ಕಡಿಸುವ ಸಾಧನ, ಅದನ್ನು ಟೆಸ್ಟ್ ಮಾಡೋದು ನನ್ನ ಹೊಟ್ಟೆಪಾಡು. ಆದರೂ ಅಮ್ಮನಿಗೆ ಅರ್ಥವಾಗುವ ಹಾಗೆ ಉತ್ತರ ಹೇಳೋಕೆ ಅವತ್ತು ಆಗಲಿಲ್ಲ. ಇವತ್ತು ಪ್ರಯತ್ನ ಮಾಡ್ತೀನಿ. ನಮ್ಮ ಮನೆ ಪಕ್ಕದಲ್ಲೇ, ತಂತಿಬೇಲಿಯ ಆಚೆ ಇರುವ ಮಿರಮಾರ್ ಮರೀನ್ ವಾಯುನೆಲೆಯವರು ಆ ಪ್ರಶ್ನೆಗೆ ಹತ್ತು ವರ್ಷ ತೆಗೆದುಕೊಂಡು ಉತ್ತರ ಕಟ್ಟಿದ್ದಾರೆ. (ನಾನು ಅಲ್ಲಿ ಕೆಲಸ ಮಾಡಿದವನಲ್ಲ, ಅವರ ಜೆಟ್ ಸದ್ದಿಗೆ ನಿದ್ದೆ ಕೆಡಿಸಿಕೊಂಡವನು ಅಷ್ಟೇ.)

ಮೊದಲು ಅವತ್ತು ಆಗಿದ್ದೇನು ಅಂತ ಹೇಳಿಬಿಡ್ತೀನಿ. ಅರಿಜೋನಾದ ಯೂಮಾ ಹತ್ತಿರದ ನಾರ್ತ್ ಗಿಲಾ ಸಬ್‌ಸ್ಟೇಷನ್‌ನಲ್ಲಿ ಕೆಪಾಸಿಟರ್ ಬ್ಯಾಂಕ್ ಒಂದನ್ನು (ಲೈನು ಹೆಚ್ಚು ಕರೆಂಟ್ ಹೊರೋಕೆ ನೆರವಾಗುವ ಸಾಧನ) ರಿಪೇರಿಗೆ ಅಂತ ಲೈನಿನಿಂದ ತೆಗೆಯುತ್ತಿದ್ದರು. ಆ ಕೆಲಸದಲ್ಲಿ ಒಂದು ಹಂತ ತಪ್ಪಿತು, 500 ಕೆವಿ ಲೈನು ಟ್ರಿಪ್ ಆಯಿತು. ಅದು ಹೊರುತ್ತಿದ್ದ ಹೊರೆ ಪಕ್ಕದ ಸಣ್ಣ ಲೈನುಗಳ ಮೇಲೆ ಬಿತ್ತು, ಅವೂ ಒಂದೊಂದಾಗಿ ಕೈಬಿಟ್ಟವು. ಹನ್ನೊಂದೇ ನಿಮಿಷದಲ್ಲಿ ಇಡೀ ಸ್ಯಾನ್ ಡಿಯಾಗೋ ಕತ್ತಲು. ಅರಿಜೋನಾ, ಮೆಕ್ಸಿಕೋದ ಗಡಿ ಪ್ರದೇಶ ಎಲ್ಲ ಸೇರಿ 27 ಲಕ್ಷ ಗ್ರಾಹಕರಿಗೆ ಕರೆಂಟಿಲ್ಲ. ಊರಿನ ಒಳಚರಂಡಿ ಪಂಪ್ ನಿಂತು 20 ಲಕ್ಷ ಗ್ಯಾಲನ್‌ಗೂ ಜಾಸ್ತಿ ಗಲೀಜು ನೀರು ಲಗೂನಿಗೆ ಹರಿಯಿತು, ಸಮುದ್ರತೀರಗಳನ್ನೇ ಮುಚ್ಚಿದರು. ವಾಯುನೆಲೆಯಲ್ಲೂ ಕತ್ತಲೆಯೇ. ಯುದ್ಧವಿಮಾನ ಇರುವ ಜಾಗಕ್ಕೂ ನಮ್ಮ ಮನೆಗೂ ಬರುತ್ತಿದ್ದದ್ದು ಅದೇ ಗ್ರಿಡ್‌ನ ಕರೆಂಟು ತಾನೇ.

ಸೈನ್ಯದವರ ಹತ್ತಿರ ಜನರೇಟರ್ ಇರಲ್ವಾ ಅಂತ ನೀವು ಕೇಳಬಹುದು. ಇರುತ್ತೆ. ಮುಖ್ಯವಾದ ಕಟ್ಟಡಕ್ಕೊಂದು ಡೀಸೆಲ್ ಸೆಟ್ ಇಡೋದು ಎಲ್ಲ ನೆಲೆಗಳ ಹಳೆಯ ಪದ್ಧತಿ, ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಹಾಗೇ. ತೊಂದರೆ ಏನು ಗೊತ್ತಾ? ಒಂದು ಸೆಟ್ ಕೈಕೊಟ್ಟರೆ ಪಕ್ಕದ ಕಟ್ಟಡದ ಸೆಟ್ ಎಷ್ಟೇ ಗಟ್ಟಿಯಾಗಿ ಓಡುತ್ತಿದ್ದರೂ ಇದಕ್ಕೆ ಕರೆಂಟ್ ಕೊಡಲಾಗಲ್ಲ. ಇನ್ನೊಂದು, ಇವನ್ನು ಯಾರೂ ಸರಿಯಾಗಿ ಓಡಿಸಿ ನೋಡಲ್ಲ. ನಾನು ಹೋಗಿದ್ದ ಒಂದು ಕಡೆ (ಎಲ್ಲಿ ಅಂತ ಬೇಡ ಬಿಡಿ) ಪ್ರತಿ ತಿಂಗಳೂ ಹದಿನೈದು ನಿಮಿಷ ಲೋಡ್ ಇಲ್ಲದೆ ಸುಮ್ನೆ ಓಡಿಸಿ, ಪುಸ್ತಕದಲ್ಲಿ ಸಹಿ ಮಾಡಿ ಮುಚ್ಚಿಡುತ್ತಿದ್ದರು. ವರ್ಷಗಟ್ಟಲೆ ಸಹಿ ಇದೆ, ಒಂದೂ ತಪ್ಪಿಲ್ಲ. ನಿಜವಾಗಿ ಕರೆಂಟ್ ಹೋದ ದಿನ ಅದು ಸ್ಟಾರ್ಟ್ ಆಯಿತು, ಎಲ್ಲರೂ ನಿಟ್ಟುಸಿರು ಬಿಟ್ಟರು. ಲೋಡ್ ಏರುತ್ತಿದ್ದ ಹಾಗೆ ಹೊಗೆ ಕಾರಿ, ನಲವತ್ತು ನಿಮಿಷಕ್ಕೆ ನಿಂತೇ ಹೋಯಿತು. ಟ್ಯಾಂಕಿನ ತಳದ ಕೆಸರೆಲ್ಲ ಫಿಲ್ಟರ್‌ಗೆ ಬಂದು ಕಟ್ಟಿಕೊಂಡಿತ್ತು. ಆ ಫಿಲ್ಟರ್ ಬಿಚ್ಚಿದಾಗ ಬಂದಿದ್ದು ಡೀಸೆಲ್ ಅಲ್ಲ, ಕಪ್ಪು ಲೋಳೆ.

ಮಿರಮಾರ್‌ನಲ್ಲಿ ಮಾಡಿದ್ದು ಬೇರೆ. ನೆಲೆಯ ಒಳಗಿನ ತಂತಿಗಳನ್ನೇ ಒಂದು ಪುಟ್ಟ ಗ್ರಿಡ್ (ಮೈಕ್ರೋಗ್ರಿಡ್) ಮಾಡಿ, ಇದ್ದಬದ್ದ ಮೂಲಗಳನ್ನೆಲ್ಲ ಅದಕ್ಕೆ ಕಟ್ಟಿದರು. 2016ರಲ್ಲಿ ಶ್ನೈಡರ್ ಎಲೆಕ್ಟ್ರಿಕ್ ಮತ್ತು ಬ್ಲ್ಯಾಕ್ ಅಂಡ್ ವೀಚ್ ಕಂಪನಿಗಳಿಗೆ ಸುಮಾರು 2 ಕೋಟಿ ಡಾಲರ್‌ಗೆ ಕೆಲಸ ಕೊಟ್ಟರು, 2021ಕ್ಕೆ ಮುಗಿಯಿತು. ಡೀಸೆಲ್ ಎಂಜಿನ್, ನ್ಯಾಚುರಲ್ ಗ್ಯಾಸ್ ಎಂಜಿನ್ ಎರಡೂ ಇರುವ ಒಂದು ಸ್ಥಾವರ, ಕಾರ್ ಪಾರ್ಕಿಂಗ್ ಚಪ್ಪರಗಳ ಮೇಲೆಲ್ಲ ಸೋಲಾರ್, ಜೊತೆಗೆ ಕೊಳೆತ ಕಸದ ಗ್ಯಾಸಿನಿಂದ ಬರುವ 3.2 ಮೆಗಾವ್ಯಾಟ್. ಹೊರಗಿನ ಗ್ರಿಡ್ ಸತ್ತರೂ ರನ್‌ವೇ, ಹ್ಯಾಂಗರ್ ಸೇರಿ 100ಕ್ಕೂ ಹೆಚ್ಚು ಕಟ್ಟಡಗಳು ನಡೆಯಬೇಕು ಅನ್ನೋದು ಲೆಕ್ಕ.

ಇಲ್ಲಿ ಅಮ್ಮನ ಪ್ರಶ್ನೆಗೆ ಬರ್ತೀನಿ. ಬ್ಯಾಟರಿ ಇಲ್ಲದ ಸಾಮಾನ್ಯ ಛಾವಣಿ ಸೋಲಾರ್‌ನ ಇನ್ವರ್ಟರ್‌ಗೆ (ಪ್ಯಾನೆಲ್‌ನ ಕರೆಂಟನ್ನು ಮನೆ ಕರೆಂಟ್ ಮಾಡುವ ಪೆಟ್ಟಿಗೆ) ತಾನಾಗಿ ಹೆಜ್ಜೆ ಹಾಕೋಕೆ ಬರಲ್ಲ. ಗ್ರಿಡ್ ಹಾಕುವ ತಾಳಕ್ಕೆ, ಅಂದರೆ ಇಲ್ಲಿ ಸೆಕೆಂಡಿಗೆ 60 ಸಲ, ಅದು ಕುಣಿಯುತ್ತೆ. ತಾಳ ನಿಂತರೆ ಅದೂ ನಿಲ್ಲಬೇಕು, ಕಾನೂನೇ ಹಾಗಿದೆ. ಇಲ್ಲದಿದ್ದರೆ ಲೈನ್ ಸತ್ತಿದೆ ಅಂದುಕೊಂಡು ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಛಾವಣಿಯ ಕರೆಂಟ್ ಹೊಡೆಯುತ್ತೆ. ಹಾಗಾಗಿ ಎದುರು ಮನೆಯವರ ಪ್ಯಾನೆಲ್‌ಗಳು ಕೆಟ್ಟಿರಲಿಲ್ಲ, ನಿಯಮ ಪಾಲಿಸುತ್ತಿದ್ದವು ಅಷ್ಟೇ.

ಮೈಕ್ರೋಗ್ರಿಡ್‌ನ ಜೀವ ಇರೋದು ಈ ತಾಳದಲ್ಲೇ. ಹೊರಗಡೆ ಎಡವಟ್ಟಾದ ಕೂಡಲೇ ನೆಲೆಯ ಬಾಗಿಲಲ್ಲಿರುವ ಬ್ರೇಕರ್ ತೆರೆದುಕೊಂಡು ಊರಿನ ಸಂಬಂಧ ಕಡಿದುಕೊಳ್ಳಬೇಕು. ಒಂದು ಎಂಜಿನ್ ಮೊದಲು ಎದ್ದು ತಾಳ ಹಿಡಿಯಬೇಕು. ಉಳಿದ ಎಂಜಿನ್‌ಗಳು, ಸೋಲಾರ್, ಕಸದ ಗ್ಯಾಸು ಅದನ್ನು ನೋಡಿಕೊಂಡು ಸೇರಿಕೊಳ್ಳಬೇಕು. ಕಟ್ಟಡಗಳನ್ನು ಒಂದೊಂದು ಗುಂಪಾಗಿ ಹಚ್ಚಬೇಕು, ಯಾಕಂದರೆ ತಣ್ಣಗೆ ನಿಂತಿರುವ ಟ್ರಾನ್ಸ್‌ಫಾರ್ಮರ್‌ಗಳು, ಎಸಿಗಳು ಒಟ್ಟಿಗೆ ಎದ್ದರೆ ಮೊದಲ ಕ್ಷಣದಲ್ಲಿ ಅವು ಎಳೆಯುವ ಕರೆಂಟಿಗೇ ಎಂಜಿನ್ ಮಂಡಿಯೂರುತ್ತೆ. ವಾಪಸ್ ಊರಿನ ಗ್ರಿಡ್‌ಗೆ ಸೇರೋದು ಇನ್ನೂ ನಾಜೂಕು. ಚಿಕ್ಕಂದಿನಲ್ಲಿ ಇಬ್ಬರು ಹಗ್ಗ ತಿರುಗಿಸುತ್ತಿದ್ದಾಗ ಮೂರನೆಯವಳು ಮಧ್ಯೆ ನುಗ್ಗುತ್ತಿದ್ದಳಲ್ಲ, ನಿಂತು ನೋಡಿ, ತಲೆ ಆಡಿಸಿ, ಸರಿಯಾದ ಗಳಿಗೆಗೆ ಹಾರುತ್ತಿದ್ದಳಲ್ಲ, ಹಾಗೆ. ವೋಲ್ಟೇಜ್, ವೇಗ, ಹೆಜ್ಜೆ ಮೂರೂ ಹೊಂದಿದಾಗಲೇ ಬ್ರೇಕರ್ ಮುಚ್ಚಿ ಎರಡನ್ನೂ ಜೋಡಿಸಬೇಕು. ತಪ್ಪಿದರೆ ಹಗ್ಗ ಕಾಲಿಗೆ ಸುತ್ತಿಕೊಳ್ಳಲ್ಲ, ಎಂಜಿನ್ನಿನ ಶಾಫ್ಟೇ ತಿರುಚಿಕೊಳ್ಳುತ್ತೆ.

ಇದೆಲ್ಲ ಕಾಗದದ ಮೇಲೆ ಚೆನ್ನಾಗಿರುತ್ತೆ. ಗೊತ್ತಾಗಬೇಕಾದರೆ ಪ್ಲಗ್ ಕೀಳಲೇಬೇಕು. ಕೊಲರಾಡೋದ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಈ ಪುಟ್ಟ ಗ್ರಿಡ್ ನಡೆಸುವ ಕಂಟ್ರೋಲರ್‌ಗೆ ಒಂದು ನಕಲಿ ಮಿರಮಾರ್ ಕಟ್ಟಿ ಓಡಿಸಿ ನೋಡಿದ್ದರು, ಆದರೂ ನಿಜದ ಜಾಗದಲ್ಲಿ ಕರೆಂಟ್ ಕಡಿಯೋದಕ್ಕೆ ಅದು ಸಮ ಅಲ್ಲ. ಅಮೆರಿಕದ ಸೈನ್ಯ ಇದಕ್ಕೆ ಬ್ಲ್ಯಾಕ್ ಸ್ಟಾರ್ಟ್ ಅಭ್ಯಾಸ ಅಂತ ಹೆಸರಿಟ್ಟಿದೆ. 2019ರ ಏಪ್ರಿಲ್‌ನಲ್ಲಿ ಉತ್ತರ ಕ್ಯಾರೊಲಿನಾದ ಫೋರ್ಟ್ ಬ್ರಾಗ್‌ನಲ್ಲಿ ಮುಂಚಿತವಾಗಿ ಯಾರಿಗೂ ಹೇಳದೆ ರಾತ್ರಿ ಇಡೀ ನೆಲೆಯ ಕರೆಂಟ್ ತೆಗೆದರು. ಸೈನಿಕರ ಕುಟುಂಬಗಳು ಸಿಟ್ಟಾದವು, ಆಮೇಲೆ ಕ್ಷಮೆ ಕೇಳಿದರು. ನನಗೆ ಆ ಕುಟುಂಬಗಳ ಬಗ್ಗೆ ಅಯ್ಯೋ ಅನ್ನಿಸುತ್ತೆ, ಆದರೆ ಪ್ಲಗ್ ಕಿತ್ತವರ ಮೇಲೆ ಗೌರವವೂ ಇದೆ. ಹೇಳಿ ಕಿತ್ತರೆ ಎಲ್ಲರೂ ಹಿಂದಿನ ದಿನವೇ ಫಿಲ್ಟರ್ ಬದಲಾಯಿಸಿ ಇಟ್ಟುಕೊಳ್ತಾರೆ, ಅಲ್ವಾ?

ಮಿರಮಾರ್‌ಗೆ ನಿಜವಾದ ಕೆಲಸ ಬಂದಿದ್ದು 2022ರ ಬಿಸಿಲಿನಲ್ಲಿ. ಸೆಪ್ಟೆಂಬರ್ 6ರಂದು ಕ್ಯಾಲಿಫೋರ್ನಿಯಾ ಗ್ರಿಡ್ಡಿನ ಬೇಡಿಕೆ 52,061 ಮೆಗಾವ್ಯಾಟ್ ಮುಟ್ಟಿತು, ಅಲ್ಲಿಯವರೆಗಿನ ದಾಖಲೆ. ಸಂಜೆ ಎಲ್ಲರ ಫೋನೂ ಒಟ್ಟಿಗೆ ಕಿರುಚಿದವು, ದಯವಿಟ್ಟು ಕರೆಂಟ್ ಉಳಿಸಿ ಅಂತ. ನಾನು ಎಸಿ ಆರಿಸಿ, ಅಮ್ಮ ಕೂತಿದ್ದ ಥರದ್ದೇ ಮೆಟ್ಟಿಲ ಮೇಲೆ ಹೋಗಿ ಕೂತೆ. ಆ ದಿನಗಳಲ್ಲಿ ನೆಲೆಯವರು ತಮ್ಮ ಎಂಜಿನ್‌ಗಳನ್ನು ಓಡಿಸಿಕೊಂಡು ಊರಿನ ಗ್ರಿಡ್‌ನಿಂದ ಎಳೆಯೋದನ್ನು ಕಡಿಮೆ ಮಾಡಿದರು. ಸುಮಾರು 3000 ಮನೆಗಳಿಗಾಗುವಷ್ಟು ಕರೆಂಟ್ ಉಳಿಯಿತು. ನಮ್ಮಲ್ಲಿ ಅವತ್ತು ದೀಪ ಆರಲಿಲ್ಲ. ಮೂರು ಸಾವಿರದಲ್ಲಿ ನಮ್ಮ ಮನೆಯೂ ಒಂದಿತ್ತಾ? ಎಲೆಕ್ಟ್ರಾನ್‌ಗೆ ವಿಳಾಸ ಇರಲ್ಲ ಬಿಡಿ.

ನಮ್ಮ ದೇಶದ ಕತೆಯೂ ಒಂದಿದೆ. ಲಡಾಖ್‌ನ ಚುಶೂಲ್‌ನಲ್ಲಿ, 4400 ಮೀಟರ್ ಎತ್ತರದಲ್ಲಿ, ನಮ್ಮ ಸೈನ್ಯಕ್ಕೆ ಎನ್‌ಟಿಪಿಸಿ 200 ಕಿಲೋವ್ಯಾಟ್‌ನ ಮೈಕ್ರೋಗ್ರಿಡ್ ಕೆಲಸವನ್ನು 2024ರಲ್ಲಿ ಶುರು ಮಾಡಿತು. ಹಗಲು ಬಿಸಿಲಿನಲ್ಲಿ ನೀರು ಒಡೆದು ಹೈಡ್ರೋಜನ್ ಮಾಡಿ ತುಂಬಿಡೋದು, ರಾತ್ರಿ ಅದರಿಂದ ಕರೆಂಟ್ ತೆಗೆಯೋದು. ಅಲ್ಲಿ ಚಳಿಗಾಲದಲ್ಲಿ ಮೈನಸ್ 30 ಡಿಗ್ರಿ. ಡೀಸೆಲ್ಲಿನ ಪ್ರತಿ ಲೀಟರೂ ಲಾರಿಯಲ್ಲಿ ಕಣಿವೆ ಹತ್ತಿ ಬರಬೇಕು. ಮಿರಮಾರ್‌ನವರಿಗೆ ಊರಿನಿಂದ ಕಳಚಿಕೊಳ್ಳೋದೇ ದೊಡ್ಡ ತಲೆನೋವು. ಚುಶೂಲ್‌ನಲ್ಲಿ ಕಳಚಿಕೊಳ್ಳೋಕೆ ಪಕ್ಕದಲ್ಲಿ ಗ್ರಿಡ್ಡೇ ಇಲ್ಲ, ದಿನಾ ದ್ವೀಪದ ಬದುಕು.

ದೋಸೆ ಹಿಟ್ಟಿನ ಕತೆ ಬಾಕಿ ಉಳಿಯಿತು. ಕರೆಂಟ್ ಬಂದಿದ್ದು ನಡುರಾತ್ರಿ ಮೇಲೆ. ಬೆಳಿಗ್ಗೆ ನೋಡಿದರೆ ಹಿಟ್ಟು ಪಾತ್ರೆ ಮೀರಿ ಕಟ್ಟೆ ಮೇಲೆಲ್ಲ ಹರಿದು, ಮೂಗು ಮುಚ್ಚಿಕೊಳ್ಳುವಷ್ಟು ಹುಳಿ ಬಂದಿತ್ತು. ಅಮ್ಮನಿಗೆ ಎಸೆಯೋಕೆ ಮನಸ್ಸಿಲ್ಲ. ಅರ್ಧಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಪಡ್ಡು ಮಾಡಿದರು. ಉಳಿದದ್ದನ್ನು ಗೊಣಗುತ್ತಾ ಕಸದ ಡಬ್ಬಿಗೆ ಸುರಿದರು. ನಮ್ಮ ಬೀದಿಯ ಕಸ ಹೋಗೋದು ಮಿರಮಾರ್ ಲ್ಯಾಂಡ್‌ಫಿಲ್‌ಗೆ, ಅದಿರೋದು ಇದೇ ನೆಲೆಯ ಜಾಗದಲ್ಲಿ. ಹೂತ ಕಸ ಕೊಳೆತು ಬರುವ ಮೀಥೇನ್ ಹೀರಿ ನೆಲೆಗೆ ಕರೆಂಟ್ ಕೊಡೋಕೆ ಶುರು ಮಾಡಿದ್ದು 2012ರಲ್ಲಿ. ಫೋನಿನಲ್ಲಿ ಹೇಳಿದಾಗ ಅಮ್ಮ, "ಹಾಗಾದರೆ ನನ್ನ ಹಿಟ್ಟಿನಲ್ಲಿ ಅವರ ವಿಮಾನ ಹಾರ್ತಾ ಇದೆ ಅನ್ನು" ಅಂದರು. ವಿಮಾನ ಅಲ್ಲಮ್ಮಾ, ದೀಪ ಅಂದೆ.

2023ರಿಂದ ನಗರದವರು ಮನೆಮನೆಗೆ ಹಸಿರು ಡಬ್ಬಿ ಕೊಟ್ಟಿದ್ದಾರೆ. ಅಡುಗೆಮನೆ ಕಸ ಈಗ ಗುಂಡಿಗೆ ಹೋಗಲ್ಲ, ಗೊಬ್ಬರವಾಗುತ್ತೆ. ಹಳೆಯ ಕಸ ಇನ್ನೂ ವರ್ಷಗಟ್ಟಲೆ ಗ್ಯಾಸ್ ಬಿಡುತ್ತೆ, ಆದರೆ ಹೊಸ ಹಿಟ್ಟು ಬೀಳ್ತಾ ಇಲ್ಲ. ಇದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ.