ಅಜ್ಜಿ ಓದಿಸಿದ ಸಾಲು

ಕಾಸರಗೋಡು
14 ಜುಲೈ 2024, ಭಾನುವಾರ

ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಹಾಗಾಗಿ ಗ್ರಾಮಸಭೆಗೆ ಗಂಡಸರು ಕಡಿಮೆ. ಬಿಸಿಲು ಕಂಡಾಗಲೇ ಅಡಿಕೆಗೆ ಮದ್ದು ಬಿಡಬೇಕು, ಇಲ್ಲದಿದ್ದರೆ ಕೊಳೆರೋಗ. ಶಾಲೆಯ ಹಾಲ್‌ನಲ್ಲಿ ಕೂತವರು ಹೆಚ್ಚಾಗಿ ಕುಡುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘದ ಹೆಂಗಸರು. ನಾನೂ ನನ್ನ ಮೂವರು ವಿದ್ಯಾರ್ಥಿಗಳೂ ಹಿಂದಿನ ಬೆಂಚಿನಲ್ಲಿ.

ಕೇರಳದಲ್ಲಿ ಗ್ರಾಮಸಭೆ ಅಂದರೆ ವಾರ್ಡಿನ ಸಭೆ. ಮತದಾರರಲ್ಲಿ ನೂರಕ್ಕೆ 10 ಜನ ಬಂದರೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಜನ ಆದ ಹಾಗೆ. ಸುಮ್ನೆ ಕೂತು ಏಳುವ ಸಭೆ ಅಲ್ಲ ಇದು. 1996ರಲ್ಲಿ ಜನಕೀಯ ಯೋಜನೆ, ಅಂದರೆ ಊರಿನ ಯೋಜನೆಯನ್ನು ಊರಿನವರೇ ಮಾಡುವ ಕ್ರಮ, ಶುರುವಾದಾಗ ರಾಜ್ಯದ ಯೋಜನಾ ಹಣದಲ್ಲಿ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುವ ತೀರ್ಮಾನವಾಗಿತ್ತು. ಇಲ್ಲಿ ಕೇಳಿದ್ದಕ್ಕೆ ಬೆಲೆ ಉಂಟು.

ಆದರೆ ಇವತ್ತು ಎಷ್ಟೋ ಜನ ಸಹಿ ಹಾಕಿ, ಅರ್ಜಿ ಕೊಟ್ಟು ಹೊರಟೇ ಬಿಟ್ಟರು. ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ನೋಟಿಸು ಮಲಯಾಳ, ಅರ್ಜಿ ಮಲಯಾಳ, ಓದಿದ ಪಟ್ಟಿಯೂ ಮಲಯಾಳ. ಕನ್ನಡ ಮಾತ್ರ ಓದಲು ಬರುವವರು ಕೂತು ಏನು ಮಾಡಬೇಕು?

ಆಮೇಲೆ ಒಬ್ಬರು ಅಜ್ಜಿ ಸೊಸೆಯ ಕೈ ಹಿಡಿದುಕೊಂಡು ಎದ್ದರು. ತೋಡಿಗೆ, ಅಂದರೆ ಹಳ್ಳಕ್ಕೆ, ಹಾಕಿದ್ದ ಅಡಿಕೆ ಮರದ ಸಂಕ (ಕಾಲುಸೇತುವೆ) ಹೋದ ವರ್ಷ ಕೊಚ್ಚಿಹೋಗಿದೆ. ಮಕ್ಕಳು ಸುತ್ತು ಬಳಸಿ ಶಾಲೆಗೆ ಹೋಗುತ್ತಾರೆ. ನೀರು ಏರಿದ ದಿನ ಹೋಗುವುದೇ ಇಲ್ಲ. ಮೂರ್ನಾಲ್ಕು ನಿಮಿಷ ಮಾತಾಡಿದರು. ಸಭೆಯ ನಡಾವಳಿ ಪುಸ್ತಕ ಬರೆಯುತ್ತಿದ್ದ ಹುಡುಗ ಅದರಲ್ಲಿ ಒಂದು ಸಾಲು ಬರೆದ. ಅಜ್ಜಿ ಕೂರಲಿಲ್ಲ.

"ಏನು ಬರೆದಿ ಮಗಾ? ಓದು ನೋಡುವ."

ಅವನು ಓದಿದ. ನನ್ನ ವಿದ್ಯಾರ್ಥಿನಿ ಕನ್ನಡದಲ್ಲಿ ಹೇಳಿದಳು: "ಕಾಲುಸಂಕ ಬೇಕು ಅಂತ ಉಂಟು ಅಜ್ಜಿ."

"ಮಕ್ಕಳ ವಿಷಯ?"

"ಅದು ಇಲ್ಲ."

"ಹಾಗಾದರೆ ಅದನ್ನೂ ಬರಿ ಮಗಾ."

ಬರೆದ. ಇನ್ನೊಮ್ಮೆ ಓದಿದ. ಆಮೇಲೆಯೇ ಅಜ್ಜಿ ಕೂತದ್ದು.

ಹೋದ ವಾರವಷ್ಟೇ ಕ್ಲಾಸಿನಲ್ಲಿ ಅಮೆರಿಕದ ಶೆರ್ರಿ ಅರ್ನ್‌ಸ್ಟೈನ್ ಅವರ ಏಣಿಯ ಪಾಠ ಮಾಡಿದ್ದೆ. ಜನರ ಪಾಲ್ಗೊಳ್ಳುವಿಕೆಗೆ 8 ಮೆಟ್ಟಿಲು ಅಂತ ಅವರು ಬರೆದದ್ದು 1969ರಲ್ಲಿ. ಜನರಿಗೆ ತಿಳಿಸುವುದು 3ನೇ ಮೆಟ್ಟಿಲು, ಅಭಿಪ್ರಾಯ ಕೇಳುವುದು 4ನೆಯದು, ನಿರ್ಧಾರ ಪೂರ್ತಿ ಜನರ ಕೈಗೆ ಬರುವುದು ಕೊನೆಯದು. ಓದಲು ಬಾರದ ಭಾಷೆಯಲ್ಲಿ ನೋಟಿಸು ಕೊಟ್ಟರೆ ಆ 3ನೇ ಮೆಟ್ಟಿಲೇ ಇಲ್ಲ, ಅಲ್ವಾ? ಬಸ್ಸಿನಲ್ಲಿ ಬರುವಾಗ ನನ್ನ ವಿದ್ಯಾರ್ಥಿಗಳೇ ಈ ಮಾತು ತೆಗೆದರು. ನನಗೆ ತುಂಬಾ ಖುಷಿಯಾಯಿತು.

ನನ್ನ ಸಂಶೋಧನೆಯ ನಮೂನೆಯಲ್ಲಿ ಹಾಜರಾದವರು, ಮಾತಾಡಿದವರು ಅಂತ ಕಾಲಂ ಇವೆ. ರಾತ್ರಿ ಕೂತು ಇನ್ನೊಂದು ಗೆರೆ ಎಳೆದೆ: ಬರೆದದ್ದನ್ನು ಓದಿಸಿ ಕೇಳಿದವರು. ಅದರ ಕೆಳಗೆ ಇವತ್ತಿನ ಲೆಕ್ಕ, 1.

ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು ಅಂತ ಕಾನೂನು. ಅಕ್ಟೋಬರಿನಲ್ಲಿ ಆ ನಡಾವಳಿ ಪುಸ್ತಕ ತೆರೆಸಿ ನೋಡುತ್ತೇವೆ. ತೋಡಿನ ಹತ್ತಿರವೂ ಹೋಗಿ ಬರಬೇಕು.