ಆರು ಗಂಟೆಗೆ ತೆಗೆದ ಬಾಟ್ಲಿ

ಮೊನ್ನೆ ಸೈಡ್ ಸ್ಟೇಷನ್ ಒರೆಸುವಾಗ ಹಳೆಯ ಎಸ್‌ಒಪಿ ಕಾರ್ಡ್, ಅಂದರೆ ಯಾವ ಕೆಲಸ ಹೇಗೆ ಮಾಡಬೇಕು ಎಂಬ ನಿಯಮಗಳ ಪಟ್ಟಿ, ಕೈಗೆ ಸಿಕ್ಕಿತು. ಲ್ಯಾಮಿನೇಷನ್ ಮೂಲೆಯಲ್ಲಿ ಬಿಟ್ಟಿದೆ. ಎಂಟನೇ ಸಾಲು ಮಾತ್ರ ಹಾಗೇ ಇದೆ: ‘ಎಲ್ಲ ಪ್ರೀಮಿಯಂ ರೆಡ್ ವೈನ್ ಸರ್ವಿಸ್‌ಗೆ 60 ನಿಮಿಷ ಮೊದಲು ಡಿಕ್ಯಾಂಟ್ ಆಗಿರಬೇಕು.’ ಡಿಕ್ಯಾಂಟ್ ಅಂದರೆ ವೈನನ್ನು ಬಾಟ್ಲಿಯಿಂದ ಡಿಕ್ಯಾಂಟರ್ ಎಂಬ ಗಾಜಿನ ಪಾತ್ರೆಗೆ ಸುರಿದು ಗಾಳಿ ಸೋಕಲು ಬಿಡುವುದು. ಆ ಸಾಲು ಓದಿದರೆ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ನಾನು ಕಾಸರಗೋಡಿನ ಬೇಕಲ ಕಡೆಯ ಒಂದು ರೆಸಾರ್ಟಿನಲ್ಲಿ ಎಫ್ ಆ್ಯಂಡ್ ಬಿ ಕ್ಯಾಪ್ಟನ್, ಅಂದರೆ ಊಟ, ಪಾನೀಯ ಬಡಿಸುವವರ ಮೇಲ್ವಿಚಾರಕ. ಮನೆ ಪೆರ್ಲದ ಹತ್ತಿರ. ಅಡಿಕೆ ತೋಟದ ಮನೆ. ಈ ಕೆಲಸಕ್ಕೆ ಬರುವ ಮೊದಲು ವೈನ್ ಕಂಡವನಲ್ಲ, ಆದರೆ ‘ಬೋರ್ಡೋ’ ಅನ್ನುವ ಮಾತು ಚಿಕ್ಕಂದಿನಿಂದಲೂ ಗೊತ್ತು. ಮಳೆಗಾಲ ಶುರುವಾಗುವ ಹೊತ್ತಿಗೆ ಅಪ್ಪ ಬ್ಯಾರೆಲ್‌ನಲ್ಲಿ ಮೈಲುತುತ್ತು, ಸುಣ್ಣ ಕಲಸಿ ಕೊಳೆರೋಗಕ್ಕೆ ಮದ್ದು ಬಿಡಿಸುತ್ತಿದ್ದರು. ಅದೇ ಬೋರ್ಡೋ. ಟ್ರೈನಿಂಗ್‌ನಲ್ಲಿ ಗೊತ್ತಾಯ್ತು, ಅದು ಫ್ರಾನ್ಸಿನ ಒಂದು ಊರಿನ ಹೆಸರು ಅಂತ. ಅಲ್ಲಿನ ಸೇಂಟ್ ಜೂಲಿಯನ್ ಎಂಬಲ್ಲಿ ದಾರಿಹೋಕರು ದ್ರಾಕ್ಷಿ ಕದಿಯಬಾರದು ಎಂದು ರಸ್ತೆಬದಿಯ ಬಳ್ಳಿಗೆ ತುತ್ತು, ಸುಣ್ಣ ಬಳಿಯುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿರಲಿಲ್ಲ. ಮಿಲಾರ್ಡೆ ಎಂಬ ಪ್ರೊಫೆಸರ್ ಅದನ್ನು ಗಮನಿಸಿ 1885ರಲ್ಲಿ ಮದ್ದಿನ ವಿಷಯ ಪ್ರಕಟಿಸಿದರು. ಇದನ್ನು ಕೇಳಿದ ದಿನ ಮನೆಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದ್ದೆ. ವೈನ್ ನನ್ನದೂ ಹೌದು ಅಂತ ಅನ್ನಿಸಿದ್ದು ಅಂದೇ.

ಆಮೇಲೆ ಮನಸ್ಸಿಟ್ಟು ಕಲಿತೆ. ವೈನ್ ಗುರುತು ಹಿಡಿಯುವುದು ದ್ರಾಕ್ಷಿಯ ಜಾತಿಯಿಂದ. ಕ್ಯಾಬರ್ನೆ ಅಂದ್ರೆ ಕಪ್ಪು ಹಣ್ಣಿನ ವಾಸನೆ, ಪೆನ್ಸಿಲ್ ಕೆತ್ತಿದಾಗ ಬರುವ ಮರದ ವಾಸನೆ. ಒಸಡು ಹಿಡಿಯುವ ಒಗರು, ಹಸಿ ಅಡಿಕೆ ಜಗಿದ ಹಾಗೆ. ಟ್ಯಾನಿನ್ ಅಂದರೆ ಎಂತ ಎಂದು ನಮ್ಮ ಕಡೆಯವರಿಗೆ ಬೇರೆ ಪಾಠ ಬೇಡ. ಮೆರ್ಲೋ ಸ್ವಲ್ಪ ಮೆತ್ತಗೆ. ಶಿರಾಜ್ ಅಂದರೆ ಕಾಳುಮೆಣಸು. ನಮ್ಮಲ್ಲಿ ದಿನಾ ಓಡುವುದು ನಾಸಿಕದ ಕ್ಯಾಬರ್ನೆ, ಶಿರಾಜ್, ಜಾಸ್ತಿ ಅಂದರೆ ಆಸ್ಟ್ರೇಲಿಯಾದ್ದು. ಎಲ್ಲವೂ ಎರಡು ಮೂರು ವರ್ಷದ ಎಳೆ ಮಾಲು. ಗಾಳಿ ಸೋಕಿದಷ್ಟೂ ಒಗರು ಇಳಿದು ಹಣ್ಣಿನ ವಾಸನೆ ಮೇಲೆ ಬರುತ್ತದೆ. ಎಸ್‌ಒಪಿ ಬರೆದವರು ನೋಡಿದ್ದೂ ಅದನ್ನೇ, ನಾನು ನೋಡಿದ್ದೂ ಅದನ್ನೇ.

2023ರ ಡಿಸೆಂಬರ್. ಒಬ್ಬರು ಡಾಕ್ಟ್ರು, ಅವರ ಹೆಂಡತಿ ಚೆಕ್-ಇನ್ ಆದರು. ಮೂಲ ಪುತ್ತೂರು ಕಡೆಯವರು, ತುಂಬಾ ವರ್ಷ ಹೊರದೇಶದಲ್ಲಿದ್ದು ವಾಪಸ್ ಬಂದವರು. ರಿಸೆಪ್ಷನ್‌ನಲ್ಲೇ ನನ್ನ ಊರು ಕೇಳಿದರು. ಪೆರ್ಲ ಅಂದೆ. ಅಲ್ಲಿಂದ ಮಾತು ಪೂರ್ತಿ ಕನ್ನಡಕ್ಕೆ ತಿರುಗಿತು. ಸೂಟ್‌ಕೇಸಿನಿಂದ ಒಂದು ಸೀರೆ ತೆಗೆದರು. ಅದರೊಳಗೆ ಸುತ್ತಿಟ್ಟ ಬಾಟ್ಲಿ.

“ನಮ್ಮ ಮದುವೆಯ ವರ್ಷದ್ದು. ಇವತ್ತಿಗೆ ನಲ್ವತ್ತಾಯ್ತು. ಏಳು ಗಂಟೆಗೆ ಕಡಲು ಕಾಣುವ ಟೇಬಲ್ ಕೊಡಿ, ಅಲ್ಲಿ ಕುಡಿಯುವ ಅಂತ” ಎಂದರು.

ಲೇಬಲ್ ನೋಡಿದೆ. ಕ್ಲೋ ಡ ವೂಜೋ, 1983. ಕೈ ನಡುಗಿತು. ಪುಸ್ತಕದಲ್ಲಿ ಓದಿದ ಹೆಸರು ಕೈಯಲ್ಲಿತ್ತು.

ಅದು ಫ್ರಾನ್ಸಿನ ಬರ್ಗಂಡಿ ಸೀಮೆಯ ಒಂದು ತೋಟ. ಬರ್ಗಂಡಿಯಲ್ಲಿ ಕೆಂಪು ವೈನ್ ಅಂದರೆ ಪಿನೋ ನ್ವಾರ್. ದ್ರಾಕ್ಷಿ ಒಂದೇ, ಬೆಲೆ ಬರುವುದು ಜಾಗಕ್ಕೆ. ರೊಮಾನೆ-ಕೋಂತಿ ಎಂಬ ತೋಟ ಬರೀ ನಾಲ್ಕೂವರೆ ಎಕರೆ, ನಮ್ಮ ತೋಟಕ್ಕಿಂತ ಸಣ್ಣದು. ಪ್ರಪಂಚದ ಅತಿ ದುಬಾರಿ ವೈನುಗಳ ಸಾಲಿನಲ್ಲಿ ಅದರ ಹೆಸರು. ಕ್ಲೋ ಡ ವೂಜೋ ದೊಡ್ಡದು, 50 ಹೆಕ್ಟೇರ್, ಅಂದರೆ ಸುಮಾರು 125 ಎಕರೆ. ಸುತ್ತ ಕಲ್ಲಿನ ಗೋಡೆ. ಹನ್ನೆರಡನೇ ಶತಮಾನದಿಂದ ಸನ್ಯಾಸಿಗಳು ಬೆಳೆಸಿದ ತೋಟ. ಫ್ರೆಂಚ್ ಕ್ರಾಂತಿಯಲ್ಲಿ ಅವರ ಕೈ ತಪ್ಪಿತು. ಆಮೇಲೆ ಮಾರಾಟವಾಗಿ, ಪಾಲಾಗಿ, ಈಗ ಒಂದೇ ಗೋಡೆಯೊಳಗೆ 80ರಷ್ಟು ಮಾಲೀಕರು. ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ, ಅಲ್ವಾ? ಎತ್ತರದ ಬೆಟ್ಟು, ನಡುವಿನ ಮಜಲು, ತಗ್ಗಿನ ಬೈಲು ಇದ್ದ ಹಾಗೆ. ಅಲ್ಲಿ ಮೇಲಿನ ಇಳಿಜಾರಿನ ಪಾಲಿನಲ್ಲಿ ನೀರು ನಿಲ್ಲುವುದಿಲ್ಲ, ವೈನ್ ಚೆನ್ನಾಗಿ ಬರುತ್ತದೆ. ಕೆಳಗಿನ ರಸ್ತೆಬದಿಯದ್ದು ಜೇಡಿ, ಮಳೆ ಜೋರಾದರೆ ಬೇರು ನೆನೆಯುತ್ತದೆ. ಲೇಬಲ್‌ನಲ್ಲಿ ಎರಡಕ್ಕೂ ಒಂದೇ ಹೆಸರು, ಒಂದೇ ಗ್ರಾಂ ಕ್ರೂ, ಅಂದರೆ ಅಲ್ಲಿನ ಅತಿ ಮೇಲಿನ ದರ್ಜೆ. ಯಾರ ಪಾಲಿನದ್ದು ಅಂತ ತಿಳಿಯಲು ಕೆಳಗಿನ ಸಣ್ಣ ಅಕ್ಷರ ನೋಡಬೇಕು.

ಇಷ್ಟೆಲ್ಲ ನನಗೆ ಗೊತ್ತಿತ್ತು. ಹಳೆಯ ಬಾಟ್ಲಿಯನ್ನು ಹೇಗೆ ತೆಗೆಯಬೇಕು ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ.

ಬಾಟ್ಲಿಯನ್ನು ಚಿಲ್ಲರಿನಲ್ಲಿ ನಿಲ್ಲಿಸಿದೆ, 16 ಡಿಗ್ರಿ. ಅಷ್ಟು ಸರಿ. ನಮ್ಮ ಸೆಖೆಗೆ ಹೊರಗಿಟ್ಟಿದ್ದರೆ ಅದು ಕಷಾಯವೇ. ದಾರಿಯಲ್ಲಿ ಅಲುಗಾಡಿ ಬಂದ ಗಸಿ ಸಂಜೆ ಹೊತ್ತಿಗೆ ತಳಕ್ಕೆ ಕೂರುತ್ತಿತ್ತು. ಐದು ಗಂಟೆಯ ಬ್ರೀಫಿಂಗ್‌ನಲ್ಲಿ ಮ್ಯಾನೇಜರ್ ಹೇಳಿದರು, “ಹೊಸ ಡಿಕ್ಯಾಂಟರ್ ಟೇಬಲ್ ಮೇಲೆ ಕಾಣಬೇಕು, ಫೋಟೋ ತೆಗೀಬೇಕು.” ಆ ತಿಂಗಳಷ್ಟೇ ಬಂದ ಡಿಕ್ಯಾಂಟರ್. ತಳ ಅಗಲ, ಒಂದು ಬಾಟ್ಲಿ ಸುರಿದರೆ ತೆಳ್ಳಗೆ ಹರಡಿ ನಿಲ್ಲುವಷ್ಟು. ಎಳೆ ವೈನ್‌ಗೆ ಅದು ಹೇಳಿ ಮಾಡಿಸಿದ್ದು.

ಸರಿಯಾಗಿ ಆರು ಗಂಟೆಗೆ ತೆಗೆಯಲು ಕೂತೆ. ಸ್ಕ್ರೂ ಒಳಗೆ ಹೋಯಿತು, ಎಳೆದೆ, ಕಾರ್ಕ್ ಅರ್ಧಕ್ಕೆ ತುಂಡಾಯಿತು. ಮೆತ್ತಗೆ, ಕಪ್ಪಗೆ, ನೆನೆದ ತೆಂಗಿನ ಸಿಪ್ಪೆಯ ಹಾಗೆ. ಹಳೆ ಕಾರ್ಕಿಗೆ ಎರಡು ಅಲಗಿನ ಓಪನರ್ ಬೇಕು, ಕಾರ್ಕಿನ ಎರಡೂ ಬದಿಗೆ ಇಳಿಸಿ ತಿರುಗಿಸುತ್ತಾ ಎತ್ತುವಂಥದ್ದು. ಅದನ್ನು ತರಿಸಿ ಅಂತ ಎರಡು ಸಲ ಇಂಡೆಂಟ್ ಹಾಕಿದ್ದೆ, ಬಂದಿರಲಿಲ್ಲ. ಉಳಿದ ಅರ್ಧವನ್ನು ಓರೆಯಾಗಿ ಸ್ಕ್ರೂ ಹಾಕಿ ಹೇಗೋ ತೆಗೆದೆ. ಪುಡಿ ಒಳಗೆ ಬಿತ್ತು. ಪ್ಯಾಂಟ್ರಿಯಿಂದ ಚಹಾ ಸೋಸುವ ಜರಡಿ ತಂದು ಅದರ ಮೂಲಕ ಡಿಕ್ಯಾಂಟರಿಗೆ ಸುರಿದೆ. ಹನಿಹನಿಗೂ ಗಾಳಿ ಹೊಡೆಯಿತು.

ಬಣ್ಣ ನೋಡಿ ಮೊದಲು ಹೆದರಿದೆ. ಕೆಂಪು ಅನ್ನುವಂತಿರಲಿಲ್ಲ. ಅಂಚಿನಲ್ಲಿ ಹಳೆಯ ಮಂಗಳೂರು ಹೆಂಚಿನ ಬಣ್ಣ, ನಡುವೆ ಪುನರ್ಪುಳಿ ಶರಬತ್ತು ನೀರು ಜಾಸ್ತಿಯಾದ ಹಾಗೆ. ಹಾಳಾಗಿದೆ ಅಂದುಕೊಂಡು ಒಂದು ಚೂರು ಗ್ಲಾಸಿಗೆ ಹಾಕಿ ಮೂಸಿದೆ.

ಅದನ್ನು ಹೇಗೆ ಹೇಳಲಿ. ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ನಮ್ಮ ತೋಟಕ್ಕೆ ಇಳಿದರೆ ಒಂದು ವಾಸನೆ ಬರುತ್ತದೆ. ಕೊಳೆತ ಸೋಗೆ, ಅದರಡಿಯ ತಂಪು ಮಣ್ಣು, ಎಲ್ಲೋ ಒಂದು ಅಣಬೆ. ಅದು ಪೂರ್ತಿ ಆ ಗ್ಲಾಸಿನಲ್ಲಿತ್ತು. ಅದರ ಮೇಲೆ ಒಣಗಿದ ಗುಲಾಬಿ, ದೇವರ ಕೋಣೆಯಲ್ಲಿ ಎರಡು ದಿನ ಉಳಿದ ಹಾರದ್ದು. ಕೊನೆಗೆ ಒಣಗಿಸಿದ ಪುನರ್ಪುಳಿ ಸಿಪ್ಪೆಯ ಹುಳಿ. ನಾಲಿಗೆಗೆ ಹಾಕಿದರೆ ಒಗರೇ ಇಲ್ಲ, ರೇಷ್ಮೆ. ನುಂಗಿ ಎಷ್ಟೋ ಹೊತ್ತಿನವರೆಗೆ ಬಾಯಲ್ಲಿ ಇತ್ತು. ಪುಸ್ತಕದಲ್ಲಿ ‘ಕಾಡಿನ ನೆಲ’ ಎಂದು ಓದಿದ್ದಾಗ ಸುಮ್ನೆ ಹೇಳುತ್ತಾರೆ ಅಂದುಕೊಂಡಿದ್ದೆ.

ಟ್ರೈನಿ ಹುಡುಗರನ್ನು ಕರೆದೆ. ಡಿಕ್ಯಾಂಟರ್ ತಿರುಗಿಸಿ ತಿರುಗಿಸಿ ಮೂಸಲು ಕೊಟ್ಟೆ. ಖುಷಿಯಲ್ಲಿ ಮಾಡಿದ್ದು ಅದು.

ಡಾಕ್ಟ್ರು ಮಧ್ಯಾಹ್ನ ಮಧೂರಿಗೆ, ಅನಂತಪುರಕ್ಕೆ ಹೋಗಿದ್ದರು. 6:40ಕ್ಕೆ ಫೋನ್ ಬಂತು. ಹೈವೇ ಕೆಲಸ, ಮೊಗ್ರಾಲ್ ಹತ್ತಿರ ಬ್ಲಾಕ್, ಸ್ವಲ್ಪ ತಡವಾಗುತ್ತದೆ. ಪರವಾಗಿಲ್ಲ ಸರ್ ಅಂದೆ. ಇನ್ನೂ ಸ್ವಲ್ಪ ಗಾಳಿ ಸಿಕ್ಕಿದರೆ ಒಳ್ಳೆಯದೇ ಅಂತ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ.

7:10ಕ್ಕೆ ಮತ್ತೊಮ್ಮೆ ಮೂಸಿದೆ. ಗುಲಾಬಿ ಇರಲಿಲ್ಲ. ಗ್ಲಾಸ್ ಸರಿ ತೊಳೆದಿಲ್ಲ ಅಂದುಕೊಂಡು ಬೇರೆ ಗ್ಲಾಸ್ ತೆಗೆದೆ. ಆಗಲೂ ಇರಲಿಲ್ಲ. 7:25ಕ್ಕೆ ಮಣ್ಣಿನ ವಾಸನೆ ಇತ್ತು, ಆದರೆ ಒಣ ಮಣ್ಣು. ಬಾರ್ ನೋಡಿಕೊಳ್ಳುವ ಚೇಟನನ್ನು (ಮಲಯಾಳದಲ್ಲಿ ಅಣ್ಣ) ಕರೆದು ತೋರಿಸಿದೆ. ಅವರು ಮೂಸಿ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಫನೆಲ್ ತಂದು ಕೊಟ್ಟರು. ಇಬ್ಬರೂ ಸೇರಿ ಅದನ್ನು ವಾಪಸ್ ಬಾಟ್ಲಿಗೆ ಸುರಿದು, ಬಾಯಿಗೆ ಬಟ್ಟೆ ಬಿಗಿದು ಚಿಲ್ಲರಿಗೆ ಇಟ್ಟೆವು. ಅದರಿಂದ ಏನೂ ಆಗುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. 7:45ಕ್ಕೆ ಉಳಿದದ್ದು ಆರಿದ ಚಹಾದ ಹುಳಿ ಮಾತ್ರ. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತು, ನಲ್ವತ್ತು ವರ್ಷ ಕಾದದ್ದು ಮುಗಿಯುವುದನ್ನು ನೋಡಿದೆ.

ಮ್ಯಾನೇಜರಿಗೆ ಫೋನ್ ಮಾಡಿದೆ. “ಎಸ್‌ಒಪಿ ಪ್ರಕಾರವೇ ಮಾಡಿದ್ದೀಯಲ್ಲ? ಮತ್ತೇನು ಹೆದರಿಕೆ? ಅವರದ್ದೇ ಬಾಟ್ಲಿ, ಸರ್ವ್ ಮಾಡು” ಎಂದರು.

8:05ಕ್ಕೆ ಬಂದರು. ಡಾಕ್ಟ್ರ ಹೆಂಡತಿ, ನಮಗೆಲ್ಲ ಅಮ್ಮ, ಆ ಸೀರೆಯನ್ನೇ ಉಟ್ಟಿದ್ದರು, ಬಾಟ್ಲಿ ಸುತ್ತಿದ್ದನ್ನು. ಹೇಳಬೇಕಿತ್ತು, ಆಗಲೇ, ಸುರಿಯುವ ಮೊದಲೇ. ಹೇಳಲಿಲ್ಲ. ಒಂದು ವೇಳೆ ಅವರಿಗೆ ಗೊತ್ತಾಗದಿದ್ದರೆ ಎಂಬ ಆಸೆ. ಬಾಟ್ಲಿ ತೆಗೆದದ್ದಕ್ಕಿಂತ ಈ ಸುಮ್ಮನಿದ್ದದ್ದು ನನ್ನನ್ನು ಹೆಚ್ಚು ಚುಚ್ಚುತ್ತದೆ.

ಡಾಕ್ಟ್ರು ಮೂಸಿದರು. ಕೆಳಗಿಟ್ಟರು. ಮತ್ತೆ ಎತ್ತಿ ಮೂಸಿದರು. ಅಮ್ಮ ಒಂದು ಗುಟುಕು ಕುಡಿದು, “ಹುಳಿ ಉಂಟಲ್ಲ” ಎಂದರು.

“ಯಾವಾಗ ತೆಗೆದದ್ದು ನೀವು?”

“ಆರು ಗಂಟೆಗೆ ಸರ್. ಡಿಕ್ಯಾಂಟರಿಗೆ ಹಾಕಿದ್ದೆ.” ಆಮೇಲೆ ಎಲ್ಲವನ್ನೂ ಹೇಳಿದೆ. ಕಾರ್ಕ್, ಜರಡಿ, ಹುಡುಗರಿಗೆ ತೋರಿಸಿದ್ದು, ಫನೆಲ್. ಹೇಳುವಾಗ ಸ್ವರ ಕಟ್ಟಿತು.

ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಕಡಲು ನೋಡಿದರು. “ಇಷ್ಟು ಹಳತಕ್ಕೆ ಗಾಳಿ ಬೇಡ ಮಾರಾಯ. ಕಾರ್ಕಿನ ಮೂಲಕ ನಲ್ವತ್ತು ವರ್ಷ ಉಸಿರಾಡಿದೆ ಅದು. ಗಸಿಗಾಗಿ ಸೋಸುವುದಿದ್ದರೂ ಕುಡಿಯುವವರು ಕೂತ ಮೇಲೆ, ಅದೂ ಬಾಯಿ ಕಿರಿದಾದ ಪಾತ್ರೆಗೆ. ಬರ್ಗಂಡಿಯಲ್ಲಿ ಸುಮಾರು ಜನ ಸೋಸುವುದೇ ಇಲ್ಲ, ಬಾಟ್ಲಿಯಿಂದಲೇ ನಿಧಾನಕ್ಕೆ ಬಗ್ಗಿಸುತ್ತಾರೆ, ಕೊನೆಯ ಎರಡು ಬೆರಳು ಬಿಡುತ್ತಾರೆ” ಎಂದರು. ಆಮೇಲೆ ಕೇಳಿದರು, “ಆರು ಗಂಟೆಗೆ ಹೇಗಿತ್ತು?”

ನಾನು ಟ್ರೈನಿಂಗ್ ಮಾತು ಶುರು ಮಾಡಿದೆ, ರೆಡ್ ಫ್ರೂಟ್, ಅರ್ದೀ ನೋಟ್ಸ್ ಅಂತ. “ಅದಲ್ಲ. ನಿಮಗೆ ಎಂತ ನೆನಪಾಯ್ತು, ಅದು ಹೇಳಿ” ಎಂದರು ಅಮ್ಮ.

ಹೇಳಿದೆ. ತೋಟ, ಮೊದಲ ಮಳೆ, ಸೋಗೆ, ಅಣಬೆ, ದೇವರ ಕೋಣೆಯ ಹಾರ, ಪುನರ್ಪುಳಿ. ಇಬ್ಬರೂ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಅಮ್ಮ, “ಗುಲಾಬಿ ಒಣಗಿದ್ದೋ, ಬಾಡಿದ್ದೋ?” ಎಂದು ಕೇಳಿದರು. ಒಣಗಿದ್ದು ಅಂದೆ. ಅವರು ತಲೆಯಾಡಿಸಿ ಇನ್ನೊಂದು ಗುಟುಕು ಕುಡಿದರು.

ಬೆಳಿಗ್ಗೆ ಬಿಲ್‌ನಲ್ಲಿ ಕಾರ್ಕೇಜ್, ಅಂದರೆ ಅತಿಥಿಯೇ ತಂದ ಬಾಟ್ಲಿ ತೆಗೆದು ಕೊಟ್ಟದ್ದಕ್ಕೆ ಹಾಕುವ ಶುಲ್ಕ, ಬಿದ್ದಿತ್ತು. ನೈಟ್ ಆಡಿಟ್‌ಗೆ ಹೇಳಿದ್ದರೂ ತೆಗೆದಿರಲಿಲ್ಲ, ಸಿಸ್ಟಂನಲ್ಲಿ ಅಪ್ರೂವಲ್ ಬೇಕಂತೆ. ಡಾಕ್ಟ್ರು ಮಾತಾಡದೆ ಕಟ್ಟಿದರು. ಆ ದುಡ್ಡು ತೆಗೆದುಕೊಂಡದ್ದಕ್ಕೆ ಈಗಲೂ ನನಗೆ ಕೋಪವಿದೆ.

ಎಸ್‌ಒಪಿ ಬದಲಿಸಿ ಅಂತ ಮೂರು ಮೇಲ್ ಹಾಕಿದೆ. ‘ಬ್ರ್ಯಾಂಡ್ ಸ್ಟ್ಯಾಂಡರ್ಡ್’ ಎಂದು ಉತ್ತರ ಬಂತು. ಕಾರ್ಡಿನ ಹಿಂದೆ ನಾನೇ ಪೆನ್ಸಿಲ್‌ನಲ್ಲಿ ಬರೆದೆ: ವರ್ಷ ನೋಡು, ದ್ರಾಕ್ಷಿ ನೋಡು, ಮೊದಲು ಮೂಸು. ಆಡಿಟ್‌ನವರು ಅಳಿಸಿದರು. ಮತ್ತೆ ಬರೆದೆ. ಓಪನರನ್ನು ಸ್ವಂತ ದುಡ್ಡಿನಲ್ಲಿ ತೆಗೆದುಕೊಂಡೆ. ನಮ್ಮ ಹುಡುಗರಿಗೆ ಈಗ ನಾನು ಪಾಠ ಮಾಡುವುದು ಕನ್ನಡ, ಮಲಯಾಳ, ತುಳುವಿನಲ್ಲಿ. ಅವರವರ ಮನೆಯ ವಾಸನೆಯ ಹೆಸರು ಹೇಳಲಿ ಅಂತ.

ಬಣ್ಣ ಒಂದನ್ನೇ ನಂಬಬಾರದು, ಇದನ್ನೂ ಅವರಿಗೆ ಹೇಳುತ್ತೇನೆ. ಈ ಫೆಬ್ರವರಿಯಲ್ಲಿ ಇಬ್ಬರು ಅತಿಥಿಗಳ ಒಂದು ಜೋಡಿ ಇಟಲಿಯ ಬರೋಲೋ ಎಂಬ ವೈನ್ ತಂದಿತ್ತು, 2018ರದ್ದು. ನೆಬ್ಬಿಯೋಲೋ ದ್ರಾಕ್ಷಿ. ಮಾರಾಟಕ್ಕೆ ಬಿಡುವ ಮೊದಲೇ 38 ತಿಂಗಳು ಇಡಬೇಕು ಎಂಬ ಕಾನೂನಿರುವ ವೈನ್. ನೋಡಲು ತೆಳು, ಅಂಚಿನಲ್ಲಿ ಆಗಲೇ ಹೆಂಚಿನ ಛಾಯೆ. ಟ್ರೈನಿ ಹುಡುಗ, “ಹಳತಾ ಅಣ್ಣಾ, ಆಮೇಲೆ ತೆಗೆಯುವುದಾ?” ಎಂದ. ಒಂದು ಹನಿ ನಾಲಿಗೆಗೆ ಹಾಕು ಅಂದೆ. ಹಾಕಿ ಮುಖ ಕಿವಿಚಿದ. ಹಸಿ ಗೇರುಹಣ್ಣು ಕಚ್ಚಿದ ಒಗರು. ಇದಕ್ಕೆ ಎರಡು ಗಂಟೆ ಗಾಳಿ ಬೇಕೇ ಬೇಕು.

ಐದೂವರೆಗೆ ಡಿಕ್ಯಾಂಟರಿಗೆ ಸುರಿದು ರೂಮಿಗೆ ಫೋನ್ ಮಾಡಿದೆ. “ಈಗಷ್ಟೇ ತೆಗೆದೆ. ಊಟಕ್ಕೆ ಇನ್ನೂ ಸಮಯ ಉಂಟು, ಆದರೆ ಒಮ್ಮೆ ಬಂದು ಮೂಸಿ ಹೋಗ್ತೀರಾ?”

ಐದು ನಿಮಿಷದಲ್ಲಿ ಬಂದರು, ಈಜುಕೊಳದಿಂದ ನೇರವಾಗಿ, ಟವೆಲ್ ಸುತ್ತಿಕೊಂಡು. ನೆಲವೆಲ್ಲ ನೀರು. ಗ್ಲಾಸ್ ಕೊಟ್ಟೆ. ಹುಡುಗಿ ಮೂಸಿ, “ರಸ್ತೆಗೆ ಹಾಕುವ ಡಾಂಬರು” ಎಂದಳು. ಆಮೇಲೆ ಇನ್ನೊಮ್ಮೆ ಮೂಸಿ, “ಇಲ್ಲ, ಅದರ ಹಿಂದೆ ಗುಲಾಬಿ ಇದೆ.”